ಆಧಾರ ಕೇಳುತ್ತಿದ್ದ ಅತ್ತಿಗೆ

ಅತ್ತಿಗೆಯ ಕೊರಳಲ್ಲಿ ಎರಡು ಸರ ಇರುತ್ತಿದ್ದವು. ಒಂದು ಅಣ್ಣ ಕಟ್ಟಿದ ಕರಿಮಣಿ, ಇನ್ನೊಂದು ಕೆಂಪು ದಾರದ ಗುರುತಿನ ಕಾರ್ಡು. ಶನಿವಾರ ಸಂಜೆ ಮಣಿಪಾಲದಿಂದ ನೇರ ಕಾಪುವಿನ ನಮ್ಮ ಮನೆಗೆ ಬಂದು, ಕೈಕಾಲು ತೊಳೆದು, ಅಮ್ಮನ ಪಕ್ಕದಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಮರುವಾಯಿ ಚಿಪ್ಪುಗಳನ್ನು ಸೀಳಲು ಶುರು ಮಾಡಿದರೂ ಆ ಕಾರ್ಡು ಕೊರಳಿನಿಂದ ಇಳಿಯುತ್ತಿರಲಿಲ್ಲ. ಬಗ್ಗಿದಾಗಲೆಲ್ಲ ತೂಗಾಡಿ ಪಾತ್ರೆಯ ಅಂಚಿಗೆ ಟಕ್ ಟಕ್ ಎಂದು ತಾಗುತ್ತಿತ್ತು. ಆಗ ಅತ್ತಿಗೆ ಒದ್ದೆಯಾದ ಮುಂಗೈಯಿಂದ ಅದನ್ನು ಭುಜದ ಮೇಲಿಂದ ಬೆನ್ನಿಗೆ ಎಸೆಯುತ್ತಿದ್ದರು. ಮತ್ತೆ ಬಗ್ಗಿದರೆ ಮತ್ತೆ ಮುಂದಕ್ಕೆ ಬರುತ್ತಿತ್ತು. ಬಿಚ್ಚಿಡಿ ಎಂದು ಯಾರೂ ಹೇಳಲಿಲ್ಲ. ಅಮ್ಮನಿಗೆ ಅದು ಚಂದ ಕಾಣುತ್ತಿತ್ತಂತೆ.

ನನಗೆ ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅವರ ಚಿನ್ನದ ಮೇಲೆ, ಸೀರೆಯ ಮೇಲೆ ನನಗೆ ಯಾವತ್ತೂ ಆಸೆ ಬರಲಿಲ್ಲ. ಆ ಪ್ಲಾಸ್ಟಿಕ್ ತುಂಡಿನ ಮೇಲೆ ಬಂತು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಮ್ಮ ಮನೆಗೆ ಸೊಸೆಯಾಗಿ ಬಂದರು. ಊರು ಬಜಗೋಳಿ ಕಡೆ, ಘಟ್ಟದ ಬುಡ. ಪ್ರಾಣಿಶಾಸ್ತ್ರ ಓದಿದ್ದರೂ ಮರುವಾಯಿಯನ್ನು ಮರಳಿನೊಳಗೆ ಜೀವಂತವಾಗಿ ನೋಡಿದ್ದು ಮದುವೆಯಾದ ಮೇಲೆಯೇ. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಮರಳಿನಲ್ಲಿ ಹುದುಗಿರುವ ಈ ಎರಡು ಚಿಪ್ಪಿನ ಜೀವಿ ನಮ್ಮ ಮನೆಯಲ್ಲಿ ಒಣ ಪಲ್ಯದಂಥ ಸುಕ್ಕವೂ ಆಗುತ್ತಿತ್ತು, ಪುಂಡಿ ಎನ್ನುವ ಅಕ್ಕಿ ಕಡುಬಿನ ಜೊತೆಗೂ ಬೇಯುತ್ತಿತ್ತು. ಅಣ್ಣನಿಗೆ ಉಡುಪಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ಅತ್ತಿಗೆಗೆ ಮಣಿಪಾಲದ ಒಂದು ಸಂಶೋಧನಾ ವಿಭಾಗದಲ್ಲಿ ಕೆಲಸ. ವಾರವಿಡೀ ಪರ್ಕಳದಲ್ಲಿ ಬಾಡಿಗೆ ಮನೆ, ವಾರದ ಕೊನೆಗೆ ಕಾಪು.

ನಾನು ಕಾಪುವಿನ ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತೆ. ಪಿಯುಸಿಯಲ್ಲಿ ಪ್ರಾಣಿಶಾಸ್ತ್ರದಲ್ಲಿ ಇಡೀ ತರಗತಿಗೆ ಮೊದಲಿಗಳಾಗಿದ್ದೆ. ಅದೇ ವರ್ಷ ಅಪ್ಪ ತೀರಿಕೊಂಡರು, ನಾನು ಸೊಸೈಟಿ ಸೇರಿದೆ, ಅಂಚೆಯಲ್ಲಿ ಬಿ.ಕಾಂ. ಮುಗಿಸಿದೆ. ಇದನ್ನು ದುಃಖದಿಂದೇನೂ ಹೇಳುತ್ತಿಲ್ಲ. ಆದರೆ ನಾನು ಓದಬೇಕೆಂದಿದ್ದನ್ನು ಓದಿದವಳೊಬ್ಬಳು ಮನೆಯೊಳಗೇ ಬಂದು, ನಮ್ಮಮ್ಮನ ಪಕ್ಕದಲ್ಲೇ ಕುಳಿತರೆ ಯಾರಿಗಾದರೂ ಏನನ್ನಿಸಬೇಕು?

ಹೀಗಿರುವಾಗ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ, ಅಂತರ್ಜಾಲದ ಕನ್ನಡ ವಿಶ್ವಕೋಶ ನನ್ನ ಕಣ್ಣಿಗೆ ಬಿತ್ತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಡಿಗ್ರಿ ಯಾವುದೆಂದು ಕೇಳುವವರಿಲ್ಲ. ಅದೊಂದೇ ವಿಷಯಕ್ಕೆ ನಾನು ಮನಸೋತೆ. ಅಣ್ಣನ ಹತ್ತಿರ ಹಟ ಮಾಡಿ ಮನೆಗೆ ಕಂಪ್ಯೂಟರ್ ತರಿಸಿಕೊಂಡೆ. ಹುಡುಕಿ ನೋಡಿದರೆ ಮರುವಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಲೇಖನ ನಾನು ಶುರು ಮಾಡಿದ್ದು. ಈಗಲೂ ಅದರ ಇತಿಹಾಸದ ಪುಟಕ್ಕೆ ಹೋಗಿ ಕೆಳಗಿನ ತನಕ ಇಳಿದರೆ ಮೊದಲ ಹೆಸರು ನನ್ನದೇ.

ಅಮ್ಮನಿಂದ ಕೇಳಿದ್ದನ್ನೆಲ್ಲ ಬರೆದೆ. ಇಳಿತದ ಹೊತ್ತಿಗೆ ಹೆಂಗಸರು ಹೊಳೆಗೆ ಇಳಿಯುವುದು, ಪಾದದಿಂದ ಮರಳು ತಡವಿ ಗುರುತಿಸುವುದು, ಹೆಕ್ಕಿದ ಮೊದಲ ಹಿಡಿಯನ್ನು ಹೊಳೆಗೇ ವಾಪಸು ಬಿಡುವುದು. ಭಾನುವಾರ ಅತ್ತಿಗೆಯನ್ನು ಕರೆದು ತೋರಿಸಿದೆ. ಜಂಬದಿಂದಲೇ ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ ಪೂರ್ತಿ ಓದಿದರು.

"ಚಂದ ಉಂಟು ಮಾರಾಯ್ತಿ. ಇದಕ್ಕೆಲ್ಲ ಆಧಾರ ಎಂತ?"

ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ವಿಶ್ವಕೋಶದ ಮಾತು ಬಂದರೆ ಮಾತ್ರ ಅತ್ತಿಗೆ ಕನ್ನಡಕ್ಕೆ ತಿರುಗುತ್ತಿದ್ದರು, ಆಫೀಸಿಗೆ ಹೊರಟವರು ಬಟ್ಟೆ ಬದಲಿಸಿದ ಹಾಗೆ. ನಾನೂ ಕನ್ನಡದಲ್ಲೇ ಉತ್ತರ ಕೊಟ್ಟೆ. "ಅಮ್ಮ."

ಅವರು ನಕ್ಕರು. ಮುಂದಿನ ವಾರ ಅವರೂ ಒಂದು ಖಾತೆ ತೆರೆದರು. ಏಡಿ, ಬಸವನಹುಳು, ಕಡಲ ಸೌತೆ ಎಂದು ಒಂದೊಂದೇ ಲೇಖನ ಬರತೊಡಗಿತು. ಪ್ರತಿ ವಾಕ್ಯದ ಕೊನೆಗೆ ಒಂದು ಪುಟ್ಟ ಅಂಕಿ, ಆ ಅಂಕಿ ಒತ್ತಿದರೆ ಕೆಳಗೆ ಯಾವುದೋ ಸಂಶೋಧನಾ ಪತ್ರಿಕೆಯ ಪ್ರಬಂಧದ ವಿವರ. ನೋಡಿದರೆ ಕಿವಿಗೆ ಓಲೆ ಹಾಕಿಸಿಕೊಂಡ ವಾಕ್ಯಗಳು. ನನ್ನ ವಾಕ್ಯಗಳು ಬೋಳು. ಅಷ್ಟಾದರೆ ಸಹಿಸಬಹುದಿತ್ತು. ಒಂದು ಸೋಮವಾರ ನನ್ನ ಲೇಖನ ತೆರೆದಾಗ ಮೊದಲ ಹಿಡಿಯ ವಾಕ್ಯದ ಪಕ್ಕದಲ್ಲಿ ಹೊಸದಾಗಿ ಎರಡು ಪದ ಕೂತಿದ್ದವು: 'ಆಧಾರ ಬೇಕು'. ವಾಕ್ಯಕ್ಕೆ ಸಾಕ್ಷಿ ಇಲ್ಲ, ಯಾರಾದರೂ ತಂದುಕೊಡಿ ಎಂದು ಸಂಪಾದಕರು ಹಾಕುವ ಗುರುತು ಅದು. ಹಾಕಿದವರ ಹೆಸರು ನೋಡಿದೆ. ಬೇರೆ ಯಾರೂ ಅಲ್ಲ.

ಶನಿವಾರದವರೆಗೆ ಹೇಗೆ ತಡೆದುಕೊಂಡೆನೋ. ಅವರು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಅಮ್ಮ ಹೇಳಿದ್ದು ನಿಮಗೆ ಸುಳ್ಳು ಅಂತ ಕಾಣ್ತದಾ?"

"ಅತ್ತೆ ಸುಳ್ಳು ಹೇಳಿದ್ದಾರೆ ಅಂತ ನಾನು ಎಲ್ಲಿ ಹೇಳಿದೆ?" ಅತ್ತಿಗೆ ಚೀಲ ಕೆಳಗಿಟ್ಟರು. "ನಮಗೆ ಅತ್ತೆ ಇದ್ದಾರೆ, ಕೇಳಬಹುದು. ಬೀದರಿನಲ್ಲಿ ಕೂತು ಓದುವವನಿಗೆ ಅತ್ತೆ ಸಿಗುದಿಲ್ಲ ಅಲ್ವಾ? ಅವನು ಯಾರ ಹತ್ರ ಕೇಳಬೇಕು?"

ಒಳಗಿನಿಂದ ಅಮ್ಮ, "ಅವಳು ಹೇಳುವುದು ಸರಿ ಉಂಟು ಮಗಾ," ಎಂದರು. ತನ್ನ ಮಾತಿನ ಮೇಲೆಯೇ ಸೊಸೆ ಅನುಮಾನ ಹಾಕಿದ್ದರೂ ಅಮ್ಮ ನಿಂತದ್ದು ಸೊಸೆಯ ಪಕ್ಕ!

ಸರಿ, ಆಧಾರ ತಾನೇ, ತರುತ್ತೇನೆ ಎಂದು ಹೊರಟೆ. ಆಗಲೇ ತಿಳಿದದ್ದು, ಪ್ರಬಂಧಗಳು ಇರುವುದು ಬೀಗ ಹಾಕಿದ ಕೋಣೆಯಲ್ಲಿ ಎಂದು. ಹುಡುಕಿದರೆ ಹೆಸರು ಸಿಗುತ್ತಿತ್ತು, ಒಂದು ಸಣ್ಣ ಸಾರಾಂಶ ಸಿಗುತ್ತಿತ್ತು. ಮುಂದೆ ಓದಲು ಒತ್ತಿದರೆ ಡಾಲರಿನಲ್ಲಿ ಬೆಲೆ. ನಮ್ಮ ಹೊಳೆಯ ಮರುವಾಯಿಯ ಬಗ್ಗೆ, ನಮ್ಮ ಕರಾವಳಿಯವರೇ ಬರೆದದ್ದನ್ನು ಓದಲಿಕ್ಕೆ ಡಾಲರ್! ಅತ್ತಿಗೆಗೆ ಮಾತ್ರ ಮಣಿಪಾಲದ ಕಂಪ್ಯೂಟರಿನ ಮುಂದೆ ಕುಳಿತರೆ ಸಾಕು, ಎಲ್ಲ ತೆರೆಯುತ್ತಿತ್ತು.

ಒಮ್ಮೆ ರಜೆ ಹಾಕಿ ಅವರ ಜೊತೆ ಮಣಿಪಾಲದ ಗ್ರಂಥಾಲಯಕ್ಕೆ ಹೋದೆ. ಅತ್ತಿಗೆ ಕಾರ್ಡು ತೋರಿಸಿ ಒಳಗೆ ಹೋಗಿಬಿಟ್ಟರು. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಬಾಗಲಕೋಟೆ ಕಡೆಯವನು, ಪಾಪ, ಬಹಳ ಮರ್ಯಾದೆಯಿಂದಲೇ ನನ್ನನ್ನು ತಡೆದ. "ಕಾರ್ಡ್ ಇಲ್ದ ಒಳಗ ಬಿಡಂಗಿಲ್ಲರೀ ಅಕ್ಕಾರ. ಅಲ್ಲಿ ಕುಂದರ್ರಿ, ಫ್ಯಾನ್ ಐತಿ." ಫ್ಯಾನಿನ ಕೆಳಗೆ ಕುಳಿತೆ. ಗಾಜಿನ ಆಚೆ ಅತ್ತಿಗೆ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಓದುತ್ತಿರುವುದು ಕಾಣುತ್ತಿತ್ತು. ಓದುವಾಗ ಅವರಿಗೆ ಜಡೆಯ ತುದಿ ಬಾಯಿಗೆ ತಾಗಿಸಿಕೊಳ್ಳುವ ಅಭ್ಯಾಸ. ಹೊರಗೆ ಒಬ್ಬಳು ಕಾಯುತ್ತಿದ್ದಾಳೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಆ ದಿನ ನನಗೆ ಅವರ ಕಾರ್ಡಿಗಿಂತ ಆ ಮರೆವಿನ ಮೇಲೆ ಹೆಚ್ಚು ಅಸೂಯೆಯಾಯಿತು.

ಪರ್ಕಳದ ಬಸ್ಸಿನಲ್ಲಿ ಕೇಳಿದೆ. "ಒಂದು ಪ್ರಿಂಟ್ ತೆಗೆದು ಕೊಡ್ಲಿಕ್ಕೆ ಆಗುದಿಲ್ವಾ ಅತ್ತಿಗೆ?"

"ಹೊರಗಿನವರಿಗೆ ಪ್ರತಿ ಕೊಡುವುದಿಲ್ಲ ಅಂತ ಸಹಿ ಹಾಕಿದ್ದೇನೆ."

"ಹೊರಗಿನವಳಾ? ನಾನಾ?" ನನ್ನ ದನಿ ಏರಿತು, ಮುಂದಿನ ಸೀಟಿನವರು ತಿರುಗಿ ನೋಡಿದರು. ಈ ಮನೆಗೆ ಹೊರಗಿನಿಂದ ಬಂದವರು ನೀವು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಆದರೆ ಅತ್ತಿಗೆಗೆ ಕೇಳಿಸಿತೆಂದು ಕಾಣುತ್ತದೆ. ಕಿಟಕಿಯ ಕಡೆ ತಿರುಗಿ, "ಓದಿ ಹೇಳಬಾರದು ಅಂತ ಎಲ್ಲಿಯೂ ಬರೆದಿಲ್ಲ," ಎಂದರು.

ಹಾಗೆ ಶುರುವಾಯಿತು ನಮ್ಮ ಮಧ್ಯಾಹ್ನದ ಪಾರಾಯಣ. ಸೊಸೈಟಿಯಲ್ಲಿ ಊಟದ ಬಿಡುವಿಗೆ ನನ್ನ ಮೊಬೈಲ್ ರಿಂಗಾಗುತ್ತಿತ್ತು. ಅತ್ತ ಕಡೆ ಅತ್ತಿಗೆ ಚಪಾತಿ ಅಗಿಯುತ್ತ ಪ್ರಬಂಧ ಓದುತ್ತಿದ್ದರು. ಇಂಗ್ಲಿಷಿನ ಒಂದು ವಾಕ್ಯ, ಕೂಡಲೇ ಅದರ ಕನ್ನಡ. ಬರೆದವರ ಹೆಸರಿನಿಂದ ಹಿಡಿದು ಕೃತಜ್ಞತೆಯವರೆಗೆ ಏನೂ ಬಿಡುವ ಹಾಗಿಲ್ಲ. ಕೋಷ್ಟಕ ಬಂದರೆ ಮಗ್ಗಿ ಒಪ್ಪಿಸುವ ರಾಗ. "ಕೊನೆಗೆ ಎಂತ ಹೇಳಿದ್ದಾರೆ, ಅದನ್ನು ಹೇಳಿ ಸಾಕು," ಎಂದು ನಾನು ಅವಸರ ಮಾಡಿದರೆ ಅವರಿಗೆ ಸಿಟ್ಟು. "ಎಲ್ಲಿಂದ ಹೆಕ್ಕಿದರು, ಹೇಗೆ ಹೆಕ್ಕಿದರು ಅಂತ ಗೊತ್ತಿಲ್ಲದೆ ಕೊನೆ ಎಂತಕ್ಕೆ ನಿನಗೆ?" ಪಕ್ಕದ ಮೇಜಿನ ಕ್ಯಾಷಿಯರ್ ನಾನು ಯಾರದೋ ಜಾತಕ ಬರೆದುಕೊಳ್ಳುತ್ತಿದ್ದೇನೆ ಎಂದೇ ನಂಬಿದ್ದ.

ಕೃತಜ್ಞತೆ ಇತ್ತೇ ಎಂದು ಕೇಳಿದರೆ, ಇತ್ತು. ಆದರೆ ಬೇರೆಯವರ ಕೈಯಿಂದ ತುತ್ತು ತಿನ್ನುವವರಿಗೆ ಇರುವಂಥ ಕೃತಜ್ಞತೆ ಅದು. ಅವರಿಗೆ ರಜೆಯಿದ್ದರೆ ನನಗೆ ಉಪವಾಸ. ಅವರಿಗೆ ಜ್ವರ ಬಂದರೆ ನನ್ನ ಲೇಖನ ನಿಲ್ಲುತ್ತಿತ್ತು.

ಆ ಉರಿಯಲ್ಲೇ ಒಮ್ಮೆ ಅವರ ಹಂಗಿಲ್ಲದೆ ಮುಂದುವರಿದೆ. ಮರುವಾಯಿಯ ಬಗ್ಗೆ ಒಂದು ಹಳೆಯ ಪ್ರಬಂಧದ ಸಾರಾಂಶ ಸಿಕ್ಕಿತು. ಬೇಸಿಗೆಯ ಕೊನೆಗೆ ಅದರ ಮಾಂಸ ಅತಿ ಹೆಚ್ಚು ತೂಗುತ್ತದೆ ಎಂದಿತ್ತು. 'ವರ್ಷದಲ್ಲೇ ಅತಿ ಹೆಚ್ಚು' ಎಂದು ಬರೆದು, ಠೀವಿಯಿಂದ ನನ್ನ ಮೊದಲ ಸ್ವಂತ ಅಂಕಿ ಹಾಕಿದೆ. ನನ್ನ ವಾಕ್ಯಕ್ಕೂ ಓಲೆ ಬಂತು. ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂರನೆಯ ದಿನ ಎಲ್ಲರೂ ಓದುವ ಚರ್ಚೆಯ ಪುಟದಲ್ಲಿ ಅತ್ತಿಗೆಯ ಟಿಪ್ಪಣಿ: ಪೂರ್ತಿ ಪ್ರಬಂಧ ಓದಿದ್ದೇನೆ, ಮಳೆಗಾಲದಲ್ಲಿ ಹೊಳೆಗೆ ಇಳಿಯಲು ಆಗದೆ ಅವರು ಆ ತಿಂಗಳುಗಳಲ್ಲಿ ಮರುವಾಯಿ ಹೆಕ್ಕಲೇ ಇಲ್ಲ, ಹಾಗಾಗಿ ಇಡೀ ವರ್ಷದ ಮಾತು ಇದರಿಂದ ಹೇಳಲು ಬರುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಹೊಳೆಗೆ ಯಾರೂ ಇಳಿಯುವುದಿಲ್ಲ ಎಂದು ಕಾಪುವಿನಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಬಜಗೋಳಿಯವರು ಹೇಳಿಕೊಟ್ಟರು. ಅದೂ ಊರಿನ ಎದುರು.

"ಮನೆಯಲ್ಲಿ ಹೇಳಬಹುದಿತ್ತಲ್ಲ," ಎಂದು ಫೋನಿನಲ್ಲಿ ಅತ್ತುಬಿಟ್ಟೆ.

"ತಪ್ಪು ಇದ್ದದ್ದು ಮನೆಯಲ್ಲಾ?" ಎಂದರು ಅವರು. ಆಮೇಲೆ ದನಿ ತಗ್ಗಿಸಿ, "ಸಾರಾಂಶ ಅಂದ್ರೆ ಮದುವೆ ಕಾಗದ ಮಾರಾಯ್ತಿ. ಊಟ ಹೇಗಿತ್ತು ಅಂತ ಅದರಲ್ಲಿ ಇರುದಿಲ್ಲ. ನಾಳೆ ಮಧ್ಯಾಹ್ನ ಫೋನ್ ಮಾಡ್ತೇನೆ, ಪೂರ್ತಿ ಓದುವ." ಮರುದಿನ ನಾನು ಫೋನ್ ಎತ್ತಬಾರದು ಎಂದುಕೊಂಡಿದ್ದೆ. ಮೊದಲ ರಿಂಗಿಗೇ ಎತ್ತಿದೆ.

ಭಾನುವಾರಗಳಲ್ಲಿ ಅವರಾಗಿ ಕಂಪ್ಯೂಟರಿನ ಹತ್ತಿರ ಬರುತ್ತಿರಲಿಲ್ಲ. ಇಳಿತದ ಹೊತ್ತು ನೋಡಿಕೊಂಡು ಅಮ್ಮನ ಜೊತೆ ಪಾಂಗಾಳದ ಹೊಳೆಗೆ ಹೋಗುತ್ತಿದ್ದರು. ಅತ್ತೆ ಸೊಸೆ ಇಬ್ಬರೂ ಸೀರೆ ಎತ್ತಿ ಕಟ್ಟಿ, ಒಂದು ಬುಟ್ಟಿ ಹಿಡಿದು, ಏನೋ ನಗುತ್ತ ಹೊರಡುವುದು ಕಿಟಕಿಯಿಂದ ಕಾಣುತ್ತಿತ್ತು. "ನೀನೂ ಬಾ," ಎಂದು ಅತ್ತಿಗೆ ಕರೆಯುವರು. ನನಗೆ ಬರೆಯುವ ಕೆಲಸ ಇರುತ್ತಿತ್ತು. ಯಾರಿಗೆ ವಾರವಿಡೀ ಗ್ರಂಥಾಲಯದ ಬಾಗಿಲು ತೆರೆದಿರುತ್ತದೋ ಅವರು ಭಾನುವಾರ ಹೊಳೆಗೆ ಹೋಗಬಹುದು, ನಮ್ಮಂಥವರಿಗೆ ಸಿಗುವುದೇ ಭಾನುವಾರ ಎಂದು ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದೆ.

ಆ ದಶಕ ಮುಗಿಯುತ್ತ ಬಂದಾಗ ಅತ್ತಿಗೆಯ ಆರೋಗ್ಯ ಕೆಟ್ಟಿತು. ಮೊದಲು ಸುಸ್ತು ಎಂದರು, ಆಮೇಲೆ ರಕ್ತದ ಕಾಯಿಲೆ ಎಂದು ಗೊತ್ತಾಯಿತು. ಕೆಲಸ ಬಿಟ್ಟರು, ಕಾರ್ಡು ಹಿಂದಿರುಗಿಸಿದರು. ಆ ಶನಿವಾರ ಕಾಪುವಿಗೆ ಬಂದವರು ಹಟ ಮಾಡಿ ಮೆಟ್ಟುಕತ್ತಿಯ ಮುಂದೆ ಕುಳಿತರು. ಎರಡು ಮರುವಾಯಿ ಸೀಳಿ, ಮುಂಗೈ ಎತ್ತಿ, ಎದೆಯ ಮೇಲಿಲ್ಲದ ಕಾರ್ಡನ್ನು ಭುಜದಾಚೆ ಎಸೆದರು. ಕೈ ಸುಮ್ಮನೆ ಗಾಳಿಯಲ್ಲಿ ಹೋಗಿ ಬಂತು. ಅವರೂ ನೋಡಿದರು, ನಾನೂ ನೋಡಿದೆ. ಇಷ್ಟು ವರ್ಷ ಆ ಕಾರ್ಡು ಹೋಗಲಿ ಎಂದು ಬಯಸಿದವಳಿಗೆ ಆಗ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡೆ.

ಸ್ವಲ್ಪ ಸಮಯಕ್ಕೆ ಒಂದು ಸುದ್ದಿ ಬಂತು. ಹೊರದೇಶದ ಒಂದೆರಡು ಪ್ರಕಾಶನ ಸಂಸ್ಥೆಗಳು ವಿಶ್ವಕೋಶದ ಸ್ವಯಂಸೇವಕರಿಗೆ ತಮ್ಮ ಪತ್ರಿಕೆಗಳನ್ನು ಬಿಟ್ಟಿಯಾಗಿ ಓದಲು ಕೊಡುತ್ತವಂತೆ. ಇರುವುದು ಕೆಲವೇ ಖಾತೆ, ಅರ್ಜಿ ಹಾಕಬೇಕು. ಇಬ್ಬರೂ ಹಾಕಿದೆವು. ಕಾಯಿಲೆಯಿಂದ ಅತ್ತಿಗೆ ಬಹಳ ತಿಂಗಳು ಏನೂ ಬರೆದಿರಲಿಲ್ಲ. ಖಾತೆ ಸಿಕ್ಕಿದ್ದು ನನಗೆ.

ಪರ್ಕಳಕ್ಕೆ ಹೋಗಿ ಹೇಳಿದೆ. ಸಂತೋಷವನ್ನು ಅಡಗಿಸಿಕೊಂಡೇ ಹೇಳಿದೆ, ಮುಖದಲ್ಲಿ ಕಂಡಿತೋ ಏನೋ. ಅತ್ತಿಗೆ ದಿಂಬಿಗೆ ಒರಗಿ ನನ್ನನ್ನೇ ನೋಡಿದರು.

"ನನಗೆ ಹೊಟ್ಟೆಕಿಚ್ಚು ಆಗ್ತಾ ಉಂಟು," ಎಂದರು.

ಅಷ್ಟೇ, ನೀರು ಕೊಡು ಎಂದಷ್ಟು ಸಲೀಸಾಗಿ. ಹತ್ತು ವರ್ಷ ನಾನು ಹೊಟ್ಟೆಯೊಳಗಿಟ್ಟು ಹುಳಿ ಮಾಡಿಕೊಂಡದ್ದನ್ನು ಅವರು ಒಂದೇ ಉಸಿರಿಗೆ ಹೊರಗೆ ಹಾಕಿ ಮುಗಿಸಿದರು. ಇದರಲ್ಲೂ ನನಗಿಂತ ಮುಂದೆ!

"ಒಂದು ಪ್ರಿಂಟ್ ತೆಗೆದು ಕೊಡ್ತೀಯಾ?" ಎಂದು ಕೇಳಿದರು.

"ಹೊರಗಿನವರಿಗೆ ಕೊಡುವುದಿಲ್ಲ ಅಂತ ಒಪ್ಪಿಕೊಂಡಿದ್ದೇನೆ ಅತ್ತಿಗೆ," ಎಂದೆ.

ಈ ಮಾತಿಗೆ ನಾನು ಎಷ್ಟು ವರ್ಷದಿಂದ ಕಾಯುತ್ತಿದ್ದೆನೋ. ಅತ್ತಿಗೆ ನಕ್ಕರು, ನಗು ಕೆಮ್ಮಾಯಿತು, ಅಣ್ಣ ಒಳಗಿಂದ ಓಡಿ ಬಂದ. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು, "ಓದು ಹಾಗಾದ್ರೆ," ಎಂದರು.

ಆಮೇಲೆ ಪ್ರತಿ ಭಾನುವಾರ ಪರ್ಕಳ. ಅಣ್ಣನ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು ಓದುತ್ತಿದ್ದೆ. ಬಾಗಿಲು ತೆರೆದದ್ದು ನನಗೆ, ಆದರೆ ಒಳಗೆ ದಾರಿ ಗೊತ್ತಿದ್ದದ್ದು ಅವರಿಗೆ. ಕಣ್ಣು ಮುಚ್ಚಿ ಮಲಗಿದ್ದವರು, "ಕೋಷ್ಟಕದಲ್ಲಿ ಒಂದು ಸಾಲು ಬಿಟ್ಟೆ ನೀನು," ಎನ್ನುವರು. ನೋಡಿದರೆ ಬಿಟ್ಟಿರುತ್ತಿದ್ದೆ. ನನ್ನ ಲ್ಯಾಟಿನ್ ಉಚ್ಚಾರಕ್ಕೆ ಕೈಯೆತ್ತಿ ಸುಮ್ಮನೆ ನಿಲ್ಲಿಸುವರು. ಮಂಚ ಹಿಡಿದ ಮನುಷ್ಯರ ಮೇಲೂ ಅಸೂಯೆ ಪಡಬಹುದು ಎಂದು ನನಗೆ ಆಗ ತಿಳಿಯಿತು.

ಒಂದು ದಿನ ಅವರಾಗಿಯೇ ಕೇಳಿದರು. "ಆ ಮೊದಲ ಹಿಡಿಯದ್ದು ಹುಡುಕಿದೆಯಾ?"

ಹುಡುಕಿದ್ದೆ. ಮತ್ತೆ ಇಬ್ಬರೂ ಸೇರಿ ಹುಡುಕಿದೆವು. ಮರುವಾಯಿಯ ಚಿಪ್ಪು, ಮಾಂಸ, ಮೊಟ್ಟೆ, ಮಾರುಕಟ್ಟೆ ಎಲ್ಲದರ ಬಗ್ಗೆಯೂ ಬರೆದಿದ್ದರು. ಹೊಳೆಗಿಳಿದ ಹೆಂಗಸು ಮೊದಲ ಹಿಡಿಯನ್ನು ಏನು ಮಾಡುತ್ತಾಳೆ ಎಂದು ಯಾರೂ ಕೇಳಿರಲಿಲ್ಲ. ಅವರು ಹೇಳಿಕೊಟ್ಟ ಪದಗಳನ್ನೆಲ್ಲ ಹಾಕಿ ನೋಡಿದೆ. ಮಧ್ಯಾಹ್ನ ಸಂಜೆಯಾಯಿತು.

"ಎಲ್ಲ ಬಾಗಿಲು ತೆರೆದರೂ ಒಳಗೆ ಅತ್ತೆ ಇಲ್ಲ ಮಾರಾಯ್ತಿ," ಎಂದರು ಅತ್ತಿಗೆ.

"ಹಾಗಾದ್ರೆ ಆ 'ಆಧಾರ ಬೇಕು' ತೆಗೆದುಬಿಡಿ ನೀವು." ಇದು ನನ್ನ ಆಸೆ. ಆ ವಾಕ್ಯವನ್ನು ಅವರು ಒಪ್ಪಿಕೊಳ್ಳಬೇಕು, ಅವರ ಕೈಯಿಂದಲೇ ಆ ಎರಡು ಪದ ಹೋಗಬೇಕು. ಉಳಿದವರು ಒಪ್ಪಿದರೆಷ್ಟು, ಬಿಟ್ಟರೆಷ್ಟು.

ಅವರು ಬೇಡವೆಂದು ತಲೆಯಾಡಿಸಿದರು. "ಸಿಗಲಿಲ್ಲವಲ್ಲ. ಬೇಕು ಅಂತ ಇರ್ಲಿ."

ಮಳೆಗಾಲ ಶುರುವಾಗುವ ಮೊದಲು ಅತ್ತಿಗೆ ತೀರಿಕೊಂಡರು. ಅರ್ಧ ಓದಿದ ಒಂದು ಪ್ರಬಂಧ ಉಳಿದಿತ್ತು. ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮೇಲೆ ಅಮ್ಮ ಜಗಲಿಯಲ್ಲಿ ಕೂತಿದ್ದರು. ನನ್ನೊಳಗಿನ ಕಹಿ ಅಂಥ ದಿನವೂ ಸುಮ್ಮನಿರಲಿಲ್ಲ. "ಕೊನೆಯ ತನಕ ನನ್ನ ಆ ಒಂದು ಮಾತನ್ನು ಅವರು ಒಪ್ಪಲಿಲ್ಲ ಅಮ್ಮ," ಎಂದೆ. ಯಾವ ಮಾತು ಎಂದು ಕೇಳಿದರು. ಹೇಳಿದೆ.

ಅಮ್ಮ ನನ್ನ ಮುಖ ನೋಡಿದರು. "ಅವಳು ಒಪ್ಪದೆ ಇರುವುದಾ? ನನ್ನ ಜೊತೆ ಹೊಳೆಗೆ ಇಳಿದ ಒಂದು ದಿನವೂ ಅವಳು ಮೊದಲ ಹಿಡಿ ಬುಟ್ಟಿಗೆ ಹಾಕಿದವಳಲ್ಲ. ನಾನು ಮರೆತರೂ ಅವಳು ನೆನಪು ಮಾಡುವಳು." ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು, "ನೀನು ಬರೆದೆ ಅಲ್ವಾ ಮಗಾ, ನೀನು ಒಂದು ಸಲವಾದರೂ ಬಿಟ್ಟದ್ದು ಉಂಟಾ?"

ನಾನು ಹೊಳೆಗೇ ಇಳಿದವಳಲ್ಲ.

ಮಳೆ ಮುಗಿದು ಹೊಳೆ ತಿಳಿಯಾದ ಮೇಲೆ ಒಂದು ಭಾನುವಾರ ಅಮ್ಮನ ಜೊತೆ ಹೋದೆ. ಅತ್ತಿಗೆ ಹಿಡಿಯುತ್ತಿದ್ದ ಬುಟ್ಟಿಯನ್ನೇ ಅಮ್ಮ ನನ್ನ ಕೈಗೆ ಕೊಟ್ಟರು. ಪಾದಕ್ಕೆ ಮರುವಾಯಿ ಗುರುತಿಸಲು ಬಹಳ ಹೊತ್ತು ಬೇಕಾಯಿತು, ಕಲ್ಲು ಯಾವುದು ಚಿಪ್ಪು ಯಾವುದು ತಿಳಿಯುತ್ತಿರಲಿಲ್ಲ. ಅಂತೂ ಒಂದು ಹಿಡಿ ಆಯಿತು. ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನು ಬಿಡಲು ಮನಸ್ಸೇ ಬರಲಿಲ್ಲ. ಘಟ್ಟದ ಬುಡದಿಂದ ಬಂದವರು ಮೊದಲ ದಿನ ಹೇಗೆ ಬಿಟ್ಟರೋ ಎಂದು ಮತ್ತೆ ಅಸೂಯೆಯಾಯಿತು. ಬಿಟ್ಟೆ.

ಈಗಲೂ ಪ್ರಬಂಧ ಓದುವಾಗ ನನ್ನ ತುಟಿ ಅಲ್ಲಾಡುತ್ತದೆ, ಸಾರಾಂಶ ಮಾತ್ರ ಓದಿ ಅಂಕಿ ಹಾಕಲು ಕೈ ಬರುವುದಿಲ್ಲ. ಮೊದಲ ಹಿಡಿಯ ವಾಕ್ಯ ಲೇಖನದಲ್ಲಿ ಉಂಟು, ಪಕ್ಕದಲ್ಲಿ ಅತ್ತಿಗೆ ಬರೆದ ಆ ಎರಡು ಪದವೂ ಉಂಟು. ಒಮ್ಮೆ ಯಾರೋ ಹೊಸಬರು ಪಾಪ ಎಂದುಕೊಂಡು 'ಆಧಾರ ಬೇಕು' ಎಂಬುದನ್ನು ಅಳಿಸಿದ್ದರು. ನಾನೇ ಮತ್ತೆ ಹಾಕಿದೆ.